ಗೌರಕ್ಕನ ಕೊಸರು

ಗೌರಕ್ಕನ ಎಣಿಕೆಯಲ್ಲಿ 'ಒಂದು' ಎಂಬುದೇ ಇರಲಿಲ್ಲ. ರೊಟ್ಟಿ ಎಣಿಸಲಿ, ಮೆಟ್ಟಿಲು ಹತ್ತಲಿ, ಹಗ್ಗದ ಮೇಲೆ ಒಣಗಿದ ಸೀರೆ ತೆಗೆಯಲಿ, "ಲಾಭ, ಎರಡ, ಮೂರ" ಎಂದೇ ಶುರು. ಅವರ ತಂದೆ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳು ತೂಗುವವರಾಗಿದ್ದರು. ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಕೊಟ್ಟವನಿಗೂ ಒಳ್ಳೆಯದಾಗಲಿ, ಕೊಂಡವನಿಗೂ ಒಳ್ಳೆಯದಾಗಲಿ ಅಂತ. ಅಪ್ಪನ ಆ ಮಾತು ಮಗಳ ನಾಲಿಗೆಗೆ ಅಂಟಿಕೊಂಡಿತ್ತು. ನವನಗರದ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಿಗೆ ಬಾಡಿಗೆಗೆ ಬಂದ ದಿನ ಟೆಂಪೋದಿಂದ ಇಳಿಸಿದ ಸಾಮಾನನ್ನೂ ಅವರು ಹಾಗೆಯೇ ಎಣಿಸಿದರು. ಲಾಭ ಎಂದರೆ ಹಂಚು, ಎರಡು ಎಂದರೆ ಹಿಟ್ಟು ನಾದುವ ಪರಾತ. ಉಳಿದದ್ದು ಎಂಟರೊಳಗೇ ಮುಗಿಯಿತು.

ಗೌರಕ್ಕನಿಗೆ ಆಗ ಅರವತ್ತರ ಹತ್ತಿರ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳನ್ನು ಮುಗದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ ಮಾಡಿ ಓಣಿಯ ಮನೆಗಳಿಗೆ ಕೊಟ್ಟು ಬದುಕುತ್ತಿದ್ದರು. ಬೆಳಗಿನ ಜಾವ ಅವರ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮಗೆ ಎಚ್ಚರವಾಗುತ್ತಿತ್ತು, ಮೊದಮೊದಲು ಸಿಟ್ಟೂ ಬರುತ್ತಿತ್ತು. ಆಮೇಲೆ ಅದು ಕೇಳಿಸದಿದ್ದರೆ ಎದ್ದು ಹೋಗಿ ಇಣುಕುವಷ್ಟು ರೂಢಿಯಾಯಿತು.

ಹತ್ತು ರೊಟ್ಟಿ ಹೇಳಿದರೆ ಗೌರಕ್ಕ ಹನ್ನೊಂದು ಕೊಡುತ್ತಿದ್ದರು. ಹನ್ನೊಂದನೆಯದು ಕೊಸರು. ಈ ಮಾತು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ತೂಕ ಮುಗಿದು ತಕ್ಕಡಿ ಸಮ ನಿಂತ ಮೇಲೆ ಕೊಡುವವರು ತಾವಾಗಿ ಇನ್ನೊಂದಿಷ್ಟು ಮೇಲೆ ಹಾಕುತ್ತಾರಲ್ಲ, ಅದು ಕೊಸರು. ಅದಕ್ಕೆ ಬೆಲೆಯಿಲ್ಲ, ಲೆಕ್ಕವೂ ಇಲ್ಲ. "ಯಾಕ್ರಿ ಗೌರಕ್ಕಾ, ದಿನಾ ಒಂದು ರೊಟ್ಟಿ ಸುಮ್ಮನ ಕೊಡ್ತೀರಿ? ವರ್ಷಕ್ಕ ಎಷ್ಟಾತು ಗೊತ್ತೇನು?" ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಹಿಟ್ಟಿನ ಕೈ ಝಾಡಿಸಿ ನಕ್ಕರು.

"ಲೆಕ್ಕದ ಅಕ್ಕಾರ ನೀವು, ಲೆಕ್ಕ ಮಾಡ್ರಿ. ನಮ್ಮಪ್ಪ ಹೇಳ್ತಿದ್ದ, ಕೇಳಿ ಇಸ್ಕೊಂಡ್ರ ಭಿಕ್ಷಾ, ತಾನಽ ತಗೊಂಡ್ರ ಕಳವು, ಎದುರಿನಾಂವ ಮನಸಾರೆ ಹಾಕಿದ್ರ ಕೊಸರು. ಕೊಸರು ಇಲ್ಲದ ಯಾಪಾರ ಅಂದ್ರ ಮಾತಾಡದ ಬೀಗರ ಮನ್ಯಾಗ ಉಂಡಂಗ ತಂಗಿ. ಹೊಟ್ಟಿ ತುಂಬತೈತಿ, ಅಷ್ಟಽ."

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕಾರ ಅನ್ನುತ್ತಾರೆ, ಅದಕ್ಕೇ ಈ 'ಲೆಕ್ಕದ ಅಕ್ಕಾರ' ಎಂಬ ಚೇಷ್ಟೆ. ಮನಸ್ಸು ಬಂದಾಗ ಅಕ್ಕಾರ, ಪ್ರೀತಿ ಬಂದಾಗ ತಂಗಿ. ನನ್ನ ಸ್ವಭಾವ ಮಾತ್ರ ಗಡಿಬಿಡಿಯದು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಹೋಗಿ ನಿಲ್ಲುವ ಜಾತಿ ನನ್ನದು. ನಮ್ಮವರು ಅದನ್ನು ಹೇಳಿ ಹೇಳಿ ಸುಸ್ತಾಗಿ ಬಿಟ್ಟುಬಿಟ್ಟಿದ್ದಾರೆ. ಇಂಥ ನಾನು ಪ್ರತಿ ರವಿವಾರ ಗೌರಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಬ್ಬಳ್ಳಿ–ಧಾರವಾಡ ರಸ್ತೆಯ ಮೇಲೆ ಹೊಸದಾಗಿ ತೆರೆದ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

ಆ ಅಂಗಡಿ ಎಂದರೆ ಗೌರಕ್ಕನಿಗೆ ಪ್ರಾಣ. ತಕ್ಕಡಿಯ ಮಗಳು ಕಂಪ್ಯೂಟರಿನ ಅಂಗಡಿಯನ್ನು ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ. ಮೊದಲ ಸಲ ಹೋದಾಗ ಸಾಲುಸಾಲು ಕಪಾಟುಗಳ ನಡುವೆ ನಿಂತು, ಪ್ರತಿಯೊಂದರ ಕೆಳಗೂ ಅಂಟಿಸಿದ ರೇಟಿನ ಚೀಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ಇಲ್ಲಿ ಯಾರ ಮಾರಿ ನೋಡಿ ರೇಟ್ ಹೇಳಂಗಿಲ್ಲಲ್ಲ ತಂಗಿ. ಪ್ಯಾಟ್ಯಾಗ ನಾ ಹೋದ್ರ ನನ್ನ ಸೀರಿ ನೋಡ್ತಾರ, ಆಮ್ಯಾಲೆ ಬಾಯಿ ತಗೀತಾರ. ಕಾರಿನಾವ್ರು ಬಂದ್ರ ನಾ ಬಾಜೂಕ ಸರದು ನಿಲ್ಲಬೇಕು. ಇಲ್ಲಿ ಚೀಟಿ ನಿನಗೂ ಅದಽ ಹೇಳತೈತಿ, ನನಗೂ ಅದಽ ಹೇಳತೈತಿ. ಚೀಟಿಗೆ ಕಣ್ಣಿಲ್ಲ, ಛಲೋ ಆತು."

ಇಷ್ಟಾದರೂ ಅಂಗಡಿಯ ಯುಕ್ತಿಗಳಿಗೆ ಅವರು ಮರುಳಾಗಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಹೆಂಗಸು, ಎರಡು ತಿಂಗಳಲ್ಲಿ ಆ ಅಂಗಡಿಯ ಒಳಮರ್ಮವನ್ನೆಲ್ಲ ಓದಿಬಿಟ್ಟರು. ತೊಂಬತ್ತೊಂಬತ್ತು ರೂಪಾಯಿಯ ಡಬ್ಬಿಯೊಂದನ್ನು ನಾನು ಬುಟ್ಟಿಗೆ ಹಾಕಿದರೆ ತೆಗೆದು ಕೈಗೆ ಕೊಟ್ಟು, "ನೂರು ಅಂತ ಓದು ಮೊದಲ. ಈಗ ಬೇಕೇನು ಹೇಳು" ಎನ್ನುವರು. ಆಗ ಬೇಡವೆನ್ನಿಸುತ್ತಿತ್ತು. ಹಳೆಯ ಬೆಲೆಯ ಮೇಲೆ ಗೀಟು ಹೊಡೆದು ಹೊಸ ಬೆಲೆ ಬರೆದಿದ್ದರೆ, "ಇದು ಯಾವತ್ತರ ಆ ಹಳೇ ರೇಟಿಗೆ ಮಾರೇತೇನು ಕೇಳು. ಹುಟ್ಟಽ ಇಲ್ಲ, ಸತ್ತಾನಂತ ಅಳಾಕತ್ತಾರ" ಎಂದು ನಗುವರು. ಅಕ್ಕಿ, ಬೇಳೆ, ಸಕ್ಕರೆ ಅಂಗಡಿಯ ತೀರ ಹಿಂದಿನ ಗೋಡೆಗೆ ಯಾಕೆ, ಚಾಕಲೇಟು ಮಕ್ಕಳ ಕೈ ಎಟಕುವಷ್ಟು ಕೆಳಗೆ, ರೊಕ್ಕ ಕೊಡುವ ಜಾಗದ ಹತ್ತಿರವೇ ಯಾಕೆ ಎಂದು ನನಗೆ ಎಂದೂ ಹೊಳೆದಿರಲಿಲ್ಲ. "ಬೇಕಾದ್ದು ಹಿಂದ, ಬ್ಯಾಡಾದ್ದು ಮುಂದ. ನಡಿಸಿ ನಡಿಸಿ ಆಸೆ ಹಚ್ಚತಾರ" ಎಂದು ಅವರೇ ತಿಳಿಸಿದರು.

ಎಲ್ಲಕ್ಕಿಂತ ಅವರ ಅಂಗೈ ದೊಡ್ಡದು. ಯಾವ ಪುಡಾ ಇದ್ದರೂ ಅಂಗೈ ಮೇಲಿಟ್ಟು ಒಂದು ಸಲ ಮೇಲೆ ಕೆಳಗೆ ಮಾಡಿ ತೂಕ ಹೇಳುತ್ತಿದ್ದರು. ಒಮ್ಮೆ ನಾವು ಯಾವಾಗಲೂ ಒಯ್ಯುವ ಬಿಸ್ಕೀಟಿನ ಪುಡಾ ಎತ್ತಿ, "ಇದು ಹೋದ ತಿಂಗಳಕಿಂತ ಹಗರ ಆಗೇತಿ" ಎಂದರು. ಹುಚ್ಚೇ ಎಂದು ನಾನು ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಬೆಲೆ ಅದೇ, ಬಣ್ಣ ಅದೇ, ತೂಕ ಮಾತ್ರ ಇಳಿಸಿದ್ದರು. ದೊಡ್ಡ ಪುಡಾಕ್ಕಿಂತ ಎರಡು ಸಣ್ಣ ಪುಡಾ ಸೋವಿ ಬೀಳುತ್ತದೆ ಎಂದು ಅವರು ಬಾಯಿಲೆಕ್ಕದಲ್ಲಿ ಹೇಳುವಾಗ ನಾನು ಮೊಬೈಲಿನಲ್ಲಿ ಭಾಗಾಕಾರ ಮಾಡುತ್ತಿದ್ದೆ. ಗಣಿತದ ಮೇಡಮ್ಮಿನ ಮಾನ ಅಂಗಡಿಯ ನಡುವೆ ಹೋಗುತ್ತಿತ್ತು. 'ಒಂದು ಕೊಂಡರೆ ಒಂದು ಉಚಿತ' ಎಂಬ ಫಲಕ ಕಂಡು, "ನೋಡ್ರಿ, ನಿಮ್ಮ ಕೊಸರು ಇಲ್ಲೂ ಐತಿ" ಎಂದು ನಾನು ಕೆಣಕಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. "ಡಂಗುರ ಹೊಡದು ಕೊಟ್ಟದ್ದು ಕೊಸರಲ್ಲ. ಅದರ ರೊಕ್ಕ ಮೊದಲನೇದ್ರಾಗಽ ಇಸ್ಕೊಂಡಿರ್ತಾರ."

ಆ ಅಂಗಡಿಯಲ್ಲಿ ಬಿಡಿ ಕಾಳುಗಳನ್ನು ತೂಗಿ ಸ್ಟಿಕರ್ ಹಚ್ಚಿ ಕೊಡಲು ಸವಿತಾ ಎಂಬ ಹೆಂಗಸು ಇದ್ದಳು. ಗೌರಕ್ಕನಿಗೂ ಅವಳಿಗೂ ಬಲು ಸ್ನೇಹ. ಶೇಂಗಾ ತೂಗಿ ಸ್ಟಿಕರ್ ಹಚ್ಚಿದ ಮೇಲೆ ಅವಳು ನಾಲ್ಕು ಕಾಳು ಗೌರಕ್ಕನ ಅಂಗೈಗೆ ಹಾಕಿ "ರುಚಿ ನೋಡ್ರಿ ಯಕ್ಕಾ" ಅನ್ನುವಳು. ಗೌರಕ್ಕ ಎರಡು ತಾವು ತಿಂದು ಎರಡು ನನಗೆ ಕೊಡುವರು. ಆ ನಾಲ್ಕು ಕಾಳಿನಲ್ಲಿ ಅವರ ರವಿವಾರ ಸಾರ್ಥಕವಾಗುತ್ತಿತ್ತು.

ಗೌರಕ್ಕ ಎಂಥವರು ಎಂದು ತಿಳಿಯಲು ತೊಗರಿ ಬೇಳೆಯ ಜಗಳವೊಂದು ಸಾಕು. ಒಂದು ರವಿವಾರ ಕಪಾಟಿನ ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಅದಕ್ಕಿಂತ ಹನ್ನೆರಡು ರೂಪಾಯಿ ಹೆಚ್ಚು. ಗೌರಕ್ಕ ಕೌಂಟರ್ ಬಿಟ್ಟು ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು. ಜನ ಗೊಣಗತೊಡಗಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯದು. "ಹನ್ನೆರಡು ರೂಪಾಯಿರಿ ಗೌರಕ್ಕಾ, ನಾ ಕೊಡ್ತೇನಿ, ಲಗೂ ಬರ್ರಿ" ಎಂದು ಸೆರಗು ಜಗ್ಗಿದೆ. ಅವರು ನನ್ನ ಕೈ ಬಿಡಿಸಿದರು. ಮ್ಯಾನೇಜರ್ ಬಂದ. ನಡುವಯಸ್ಸಿನ, ಟೈ ಕಟ್ಟಿದ ಮನುಷ್ಯ. ಕಂಪ್ಯೂಟರ್ ಸರಿ ಇದೆ, ಚೀಟಿ ಹಳೆಯದು ಎಂದ. ನಿಮಗೆ ಬೇಕಾದರೆ ಕಡಿಮೆ ಮಾಡಿಕೊಡುತ್ತೇನೆ ಎಂದ.

"ನನಗಽ ಕಮ್ಮಿ ಮಾಡ್ರಿ ಅಂತ ಯಾರ ಕೇಳ್ಯಾರ?" ಎಂದರು ಗೌರಕ್ಕ. "ಮುಂಜಾನಿಂದ ಈ ಚೀಟಿ ನೋಡಿ ಎಷ್ಟು ಮಂದಿ ಒಯ್ದಾರೋ. ಅವರಿಗೆ ಯಾರು ಹೇಳಾವ್ರು? ಮೊದಲ ಆ ಚೀಟಿ ಕೀಳ್ರಿ. ನಾ ಇಲ್ಲೇ ನಿಂತಿರ್ತೀನಿ."

ಮ್ಯಾನೇಜರ್ ಚೀಟಿ ಕೀಳಿಸಿ ಬೇರೆಯದನ್ನು ಅಂಟಿಸುವವರೆಗೆ ಅವರು ನಿಂತೇ ಇದ್ದರು. ಆಮೇಲೆ ಹೊಸ ರೇಟಿಗೇ, ಆ ಹನ್ನೆರಡು ರೂಪಾಯಿ ಕೊಟ್ಟೇ ಬೇಳೆ ಒಯ್ದರು. ಕಡಿಮೆ ಮಾಡಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ನಾನು ಸ್ಕೂಟರ್ ಮೇಲೆ ಮೋರೆ ಉಬ್ಬಿಸಿಕೊಂಡಿದ್ದೆ. ಹಿಂದಿನಿಂದ ಅವರು, "ನಿನಗ ನಾಚಿಕಿ ಆತು, ಹೌದಲ್ಲ? ಖರೇ ಮಾತಾಡೂ ಮುಂದ ಸ್ವಲ್ಪ ನಾಚಿಕಿ ಆಗತೈತಿ ತಂಗಿ, ರೂಢಿ ಆಗಬೇಕು" ಎಂದರು. ನನಗೆ ರೂಢಿಯಾಗಲಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಒಂದೂವರೆ ವರ್ಷದ ಹಿಂದೆ ಅಂಗಡಿಯ ರೂಪ ಬದಲಾಯಿತು. ಕೌಂಟರುಗಳಲ್ಲಿ ಅರ್ಧಕ್ಕೆ ಅರ್ಧ ತೆಗೆದು ಆ ಜಾಗದಲ್ಲಿ ಯಂತ್ರಗಳನ್ನು ನಿಲ್ಲಿಸಿದರು. ಸಾಮಾನನ್ನು ನಾವೇ ಗಾಜಿಗೆ ತೋರಿಸಬೇಕು, ಅದು ಕುಂಯ್ ಅನ್ನುತ್ತದೆ, ಪಕ್ಕದ ತಟ್ಟೆಯ ಮೇಲೆ ಇಡಬೇಕು, ಕೊನೆಗೆ ಮೊಬೈಲಿನಿಂದ ರೊಕ್ಕ. ಆ ತಟ್ಟೆ ಬರೀ ತಟ್ಟೆಯಲ್ಲ, ಒಳಗೆ ತಕ್ಕಡಿಯಿದೆ. ಗಾಜಿಗೆ ತೋರಿಸಿದ್ದಕ್ಕೂ ತಟ್ಟೆಯ ಮೇಲಿಟ್ಟಿದ್ದಕ್ಕೂ ತೂಕ ತಾಳೆಯಾಗದಿದ್ದರೆ ಕೆಂಪು ದೀಪ ಹತ್ತುತ್ತದೆ. ಗೌರಕ್ಕನಿಗೆ ಇದು ಭಾರಿ ಮೆಚ್ಚಿಗೆಯಾಯಿತು. ಯಂತ್ರದೊಳಗಿನ ಹೆಣ್ಣುದನಿ "ದಯವಿಟ್ಟು ವಸ್ತುವನ್ನು ತಟ್ಟೆಯಲ್ಲಿ ಇರಿಸಿ" ಎಂದರೆ, "ಇಟ್ಟೆನವಾ, ಎಷ್ಟು ಗಡಿಬಿಡಿ ಮಾಡ್ತಿ, ನಮ್ಮ ಅಕ್ಕಾರಂಗ" ಎಂದು ಉತ್ತರ ಕೊಡುವರು. ತಿಂಗಳು ಕಳೆದ ಮೇಲೆ ಸವಿತಾಳನ್ನೂ ಆ ಯಂತ್ರಗಳ ಹತ್ತಿರ ನಿಲ್ಲಿಸಿದರು, ತಿಳಿಯದವರಿಗೆ ತಿಳಿಸಲು. ಬಿಡಿ ಕಾಳಿನ ಕಡೆ ಈಗ ಯಾರೂ ಇರಲಿಲ್ಲ. ಅಲ್ಲಿಯೂ ಒಂದು ಯಂತ್ರ. ಚೀಲಕ್ಕೆ ಕಾಳು ಸುರಿದು ಇಟ್ಟು, ಶೇಂಗಾದ ಚಿತ್ರ ಒತ್ತಿದರೆ ಸ್ಟಿಕರ್ ಬರುತ್ತದೆ, ನಾವೇ ಹಚ್ಚಿಕೊಳ್ಳಬೇಕು.

ನಾನು ಹೇಳಬೇಕಾದದ್ದು ನಡೆದದ್ದು ಹಾಗೆ ಮೊದಲ ಸಲ ನಾವೇ ಕಾಳು ತೂಗಿದ ದಿನ. ಗೌರಕ್ಕ ಸರಿಯಾಗಿ ಒಂದು ಕಿಲೋ ಶೇಂಗಾ ಸುರಿದರು. ಒಂದೆರಡು ಕಾಳು ಹೆಚ್ಚಾದದ್ದನ್ನು ತೆಗೆದು ಡಬ್ಬಿಗೆ ಹಾಕಿದರು. ಸ್ಟಿಕರ್ ಬಂತು, ಹಚ್ಚಿದರು. ಹಚ್ಚಿದ ಮೇಲೆ ಕೈಯನ್ನು ಸ್ವಲ್ಪ ಮುಂದೆ ಹಿಡಿದು ಹಾಗೇ ನಿಂತರು. ರೂಢಿ. ಎದುರಿಗೆ ಯಾರೂ ಇಲ್ಲವೆಂದು ತಿಳಿದು ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆಲ್ಲದ ಕಡೆ ನಡೆದರು.

ನಾನು ಡಬ್ಬಿಯಿಂದ ಒಂದು ಹಿಡಿ ಶೇಂಗಾ ತೆಗೆದು ಅವರ ಚೀಲಕ್ಕೆ ಹಾಕಿ ಗಂಟು ಕಟ್ಟಿಬಿಟ್ಟೆ.

ಕಳ್ಳತನ ಎಂದು ಆಗ ಅನ್ನಿಸಲಿಲ್ಲ, ದೇವರಾಣೆಗೂ ಅನ್ನಿಸಲಿಲ್ಲ. ಮನೆಗೆ ಹೋದ ಮೇಲೆ "ಇವತ್ತು ಕೊಸರು ನಾ ಹಾಕೀನ್ರಿ" ಎಂದು ಹೇಳಬೇಕು, ಅವರು ಅಂಗೈ ಮೇಲಿಟ್ಟು ತೂಗಿ ನೋಡಿ ನಗಬೇಕು, ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಚೀಲ ತಳ್ಳುಗಾಡಿಯಲ್ಲಿತ್ತು. ಗಾಡಿ ತಳ್ಳುತ್ತಿದ್ದವಳು ನಾನು. ತಟ್ಟೆಯೊಳಗೆ ತಕ್ಕಡಿಯಿದೆ ಎಂದು ಮಕ್ಕಳಿಗೆ ಗಣಿತ ಕಲಿಸುವವಳಿಗೆ ನೆನಪಾಗಲಿಲ್ಲ.

ಗೌರಕ್ಕ ಸಂಭ್ರಮದಿಂದ ಒಂದೊಂದೇ ಸಾಮಾನು ಗಾಜಿಗೆ ತೋರಿಸಿದರು. ಶೇಂಗಾ ಚೀಲ ಇಟ್ಟ ಕೂಡಲೇ ಕೆಂಪು ದೀಪ ಹತ್ತಿತು. "ದಯವಿಟ್ಟು ಸಹಾಯಕರಿಗಾಗಿ ಕಾಯಿರಿ" ಎಂದಿತು ದನಿ. ಸವಿತಾ ಓಡಿಬಂದು ಏನೋ ಒತ್ತಿದಳು, ಮತ್ತೆ ಕೆಂಪು. ಆಗ ಅದೇ ಮ್ಯಾನೇಜರ್ ಬಂದ. ಚೀಲವನ್ನು ಬೇರೆ ತಕ್ಕಡಿಗೆ ಇಟ್ಟು ಸ್ಟಿಕರ್ ಓದಿದ. ಅವನು ನನ್ನ ಕಡೆ ನೋಡಲೇ ಇಲ್ಲ. ಗೌರಕ್ಕನ ಮಾಸಿದ ಇಳಕಲ್ ಸೀರೆ, ಹಂಚಿನಿಂದ ಸುಟ್ಟ ಬೆರಳುಗಳು, ಅವುಗಳ ಕಡೆಗೇ ನೋಡಿದ. ಚೀಟಿಗೆ ಕಣ್ಣಿರಲಿಲ್ಲ, ಮನುಷ್ಯನಿಗೆ ಇತ್ತು.

"ಅಮ್ಮಾ, ಸ್ಟಿಕರ್ ಹಚ್ಚಿದ ಮ್ಯಾಲೆ ಕೈ ಹಾಕೀರೇನು?"

"ನಾನಾ? ಇಲ್ರೀಪಾ." ಗೌರಕ್ಕ ಚೀಲ ತೆಗೆದುಕೊಂಡು ಅಂಗೈ ಮೇಲಿಟ್ಟರು. ಅವರ ಹುಬ್ಬು ಗಂಟಾಯಿತು. "ಖರೇ ಐತ್ರಿ ನಿಮ್ಮ ಮಾತು. ಹಿಡಿಯಷ್ಟು ಹೆಚ್ಚೈತಿ" ಎಂದು ತಾವೇ ಹೇಳಿದರು.

"ಹಂಗಾದ್ರ ಯಾರು ಹಾಕಿದ್ರು? ತಾನಾಗಿ ಹೆಚ್ಚಾತೇನು?" ಅವನ ದನಿ ಏರಿತು. ಸಾಲಿನಲ್ಲಿದ್ದವರು ಕತ್ತು ಚಾಚಿದರು. ಅವರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಇದ್ದರು, ನಮ್ಮ ಓಣಿಯ ಇಬ್ಬರು ಇದ್ದರು. ಮೇಡಮ್ ಶೇಂಗಾ ಕದ್ದರಂತೆ ಎಂಬ ಮಾತು ಸೋಮವಾರ ಕಾಲೇಜಿನ ತುಂಬ ಓಡಾಡುವುದು ನನ್ನ ಕಿವಿಗೆ ಆಗಲೇ ಕೇಳಿಸಿತು. 'ನಾನು ಹಾಕಿದೆ' ಎಂಬ ಎರಡು ಶಬ್ದ ಬಾಯಿಯವರೆಗೆ ಬಂದವು. ಬಾಯಿಂದ ಹೊರಟದ್ದು ಬೇರೆ.

"ಹೋಗ್ಲಿ ಬಿಡ್ರಿ ಸರ್. ವಯಸ್ಸಾಗೇತಿ ಅವರಿಗೆ, ತಿಳೀದ ಹಾಕ್ಕೊಂಡಿರಬೇಕು. ಎಷ್ಟಾಕ್ಕೈತಿ ಹೇಳ್ರಿ, ನಾ ಕೊಡ್ತೇನಿ."

ಗೌರಕ್ಕ ತಿರುಗಿ ನನ್ನ ಮುಖ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕತ್ತಲೆಯ ಕೋಣೆಗೆ ಬಂದವರು ಕಣ್ಣು ಹೊಂದುವವರೆಗೆ ನಿಂತು ನೋಡುತ್ತಾರಲ್ಲ, ಹಾಗೆ ನೋಡಿದರು. ತೊಗರಿ ಬೇಳೆಯ ಹನ್ನೆರಡು ರೂಪಾಯಿಗೆ ಇಡೀ ಅಂಗಡಿಯನ್ನು ನಿಲ್ಲಿಸಿದ್ದ ಹೆಂಗಸು ತನ್ನ ಮಾನ ಹೋಗುವಾಗ ಸುಮ್ಮನೆ ನಿಂತರು.

ಮ್ಯಾನೇಜರ್ ರಿಜಿಸ್ಟರ್ ತರಿಸಿ ಅವರ ಹೆಸರು, ನಮ್ಮ ಮನೆಯ ವಿಳಾಸ, ನನ್ನ ಫೋನ್ ನಂಬರು ಬರೆದುಕೊಂಡ. "ಮ್ಯಾಲೆ ಕ್ಯಾಮೆರಾ ಐತಿ. ನಾಳೆ ತಗದು ನೋಡ್ತೇವಿ, ಯಾರು ಹಾಕ್ಯಾರ ಗೊತ್ತಾಕ್ಕೈತಿ" ಎಂದ. ನಾನು ಹೆಚ್ಚಿನ ಶೇಂಗಾದ ರೊಕ್ಕ ಕೊಟ್ಟು ಗಡಿಬಿಡಿಯಿಂದ ಗಾಡಿಯನ್ನು ಹೊರಗೆ ತಳ್ಳಿದೆ. ಮನೆಗೆ ಬಂದು ಸ್ಕೂಟರಿನಿಂದ ಇಳಿದ ಗೌರಕ್ಕ ಶೇಂಗಾ ಚೀಲವನ್ನು ನನ್ನ ಕೈಗೆ ಕೊಟ್ಟು, "ಇದು ನೀ ಇಟ್ಕೊ ತಂಗಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಅಂಗಡಿಯಿಂದ ಫೋನು ಬರುತ್ತದೆ ಎಂದು ಜೀವ ಕೈಯಲ್ಲಿ ಹಿಡಿದು ಕಾದೆ. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಒಂದು ಹಿಡಿ ಶೇಂಗಾಕ್ಕೆ ಯಾರು ಕ್ಯಾಮೆರಾ ತೆಗೆದು ಕೂರುತ್ತಾರೆ, ಮರೆತಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬದುಕಿದೆಯಾ ಬಡಜೀವವೇ ಎನ್ನಿಸಿತು. ಹೀಗೆ ಅನ್ನಿಸಿದ್ದಕ್ಕೆ ಈಗ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅಂಗಡಿ ಮರೆತರೂ ಓಣಿ ಮರೆಯಲಿಲ್ಲ. ಗೌರಕ್ಕ ಆ ಅಂಗಡಿಗೆ ಮತ್ತೆ ನನ್ನೊಡನೆ ಬರಲಿಲ್ಲ. "ನೀ ಹೋಗಿ ಬಾ, ನನಗ ಮಂಡಿ ಬ್ಯಾನಿ" ಅನ್ನುತ್ತಿದ್ದರು. ಒಂದು ಸಂಜೆ ರೊಟ್ಟಿ ಒಯ್ಯಲು ಬಂದ ಹೆಂಗಸೊಬ್ಬಳು ಅವರ ಬಾಗಿಲಲ್ಲೇ ಗಂಟು ಬಿಚ್ಚಿ ರೊಟ್ಟಿ ಎಣಿಸಿದಳು. ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಎಣಿಸಿರಲಿಲ್ಲ. ನಾನು ನಮ್ಮ ಅಡುಗೆ ಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಗೌರಕ್ಕ ಕೈಕಟ್ಟಿ ನಿಂತು, ಅವಳು ಎಣಿಸಿ ಮುಗಿಸುವವರೆಗೆ ಕಾದರು. ಹನ್ನೊಂದು ಇದ್ದವು. "ಸುಮ್ಮನ ನೋಡಿದ್ನಿರಿ ಮತ್ತ" ಎಂದು ಅವಳು ಹಲ್ಲು ಕಿರಿದಳು. "ನೋಡ್ರಿ, ನೋಡ್ಬೇಕು" ಎಂದರು ಗೌರಕ್ಕ. ಅವಳು ಹೋದ ಮೇಲೆ ಹೊಸ್ತಿಲ ಮೇಲೆಯೇ ಕುಳಿತು ಬಹಳ ಹೊತ್ತು ಏಳಲಿಲ್ಲ. ಆಮೇಲೂ ಅವಳಿಗೆ ಹನ್ನೊಂದೇ ಕೊಡುತ್ತಿದ್ದರು.

ಅವತ್ತೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಪರೀಕ್ಷೆ ಬಂತು, ಪೇಪರ್ ತಿದ್ದುವುದು ಬಂತು, ನಮ್ಮತ್ತೆಗೆ ಜ್ವರ ಬಂತು. ಹೇಳಬೇಕಾದ ಮಾತುಗಳನ್ನು ಹಲ್ಲುಜ್ಜುವಾಗ ಹೊಂದಿಸಿಕೊಳ್ಳುತ್ತಿದ್ದೆ, ಸಂಜೆಯ ಹೊತ್ತಿಗೆ ಧೈರ್ಯ ಸೋರಿಹೋಗುತ್ತಿತ್ತು. ಲೋಕದ ಎಲ್ಲ ಕೆಲಸಕ್ಕೂ ಗಡಿಬಿಡಿ ಮಾಡುವ ನಾನು ಇದೊಂದಕ್ಕೆ ಮಾತ್ರ ಎಂದೂ ಅವಸರ ಮಾಡಲಿಲ್ಲ. ಗೌರಕ್ಕನೂ ಮೊದಲಿನ ಹಾಗೇ ಇದ್ದರು. ತಂಗಿ ಎಂದು ಕರೆಯುವುದು ತಪ್ಪಲಿಲ್ಲ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಗೋಡೆಯಾಚೆಯಿಂದ ಕೊಡುವುದು ತಪ್ಪಲಿಲ್ಲ. ಅವರಿಗೆ ಗೊತ್ತಾಗಿಲ್ಲ ಎಂದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು. ಬಿಸ್ಕೀಟಿನ ತೂಕ ಹಿಡಿದ ಅಂಗೈಗೆ ಇದು ಗೊತ್ತಾಗದೆ ಇದ್ದೀತೆ ಎಂದು ಹೊಳೆದ ದಿನ ಬರುತ್ತಿರಲಿಲ್ಲ.

ಹೋದ ಮಾಘದಲ್ಲಿ ಸುಳ್ಳ ಎಂಬ ಊರಿನಲ್ಲಿ ಅವರ ತಂಗಿಯ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಕುಪ್ಪಸ ತೊಡಿಸುವ ಆ ಕಾರ್ಯಕ್ಕೆಂದು ಗೌರಕ್ಕ ನೂರು ರೊಟ್ಟಿ ಬಡಿದು ಗಂಟು ಕಟ್ಟಿಕೊಂಡಿದ್ದರು. ಬಸ್ ಸ್ಟ್ಯಾಂಡಿನವರೆಗೆ ನಾನು ಸ್ಕೂಟರಿನಲ್ಲಿ ಕರೆದೊಯ್ದೆ. ಇವತ್ತು ಹೇಳಿಯೇ ತೀರಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಬೆಂಚಿನ ಮೇಲೆ ಇಬ್ಬರೂ ಕುಳಿತೆವು.

"ಗೌರಕ್ಕಾ, ನಿಮಗೊಂದು ಮಾತು ಹೇಳೂದೈತ್ರಿ. ಆವತ್ತ ಅಂಗಡ್ಯಾಗ..."

"ಬಸ್ ಬಂತು ನೋಡು" ಎಂದು ಅವರು ಎದ್ದರು. ಬಸ್ಸು ಇನ್ನೂ ದೂರದ ತಿರುವಿನಲ್ಲಿತ್ತು. ಅವರು ಗಂಟು ಬಗಲಿಗೆ ಏರಿಸಿಕೊಂಡು, ಇನ್ನೊಂದು ಕೈಯಿಂದ ನನ್ನ ಗಲ್ಲ ಹಿಡಿದರು. ಆ ಬೆರಳುಗಳು ಒರಟಾಗಿ ಬೆಚ್ಚಗಿದ್ದವು. "ಬಂದ ಮ್ಯಾಲೆ ಹೇಳಂತಿ ತಂಗಿ. ಮಾರಿ ಯಾಕ ಹಿಂಗ ಮಾಡಿ? ಹೊತ್ತಿಗೆ ಸರಿ ಉಣ್ಣು, ಗಡಿಬಿಡಿ ಮಾಡಬ್ಯಾಡ."

ಅವರು ಬರಲಿಲ್ಲ. ಕುಬಸ ಮುಗಿದ ಮರುದಿನ ತಂಗಿಯ ಮನೆಯಲ್ಲಿ ಮಧ್ಯಾಹ್ನ ಉಂಡು ಗೋಡೆಗೆ ಒರಗಿ ಕುಳಿತವರು ಎದ್ದೇಳಲಿಲ್ಲವಂತೆ. ನಾನು ಸುಳ್ಳಕ್ಕೆ ಹೋದೆ. ವಿಭೂತಿ ಹಚ್ಚಿ, ಹೂವು ಹಾಕಿ ಕುಳ್ಳಿರಿಸಿದ್ದರು. ಮುಖದಲ್ಲಿ ದಣಿವು ಒಂದಿತ್ತು, ಬೇರೇನೂ ಇರಲಿಲ್ಲ. ಅವರ ಮಗಳು ನನ್ನನ್ನು ತಬ್ಬಿಕೊಂಡು, "ಅವ್ವ ದಿನಾ ನಿಮ್ಮ ಸುದ್ದಿನಽ ಹೇಳ್ತಿದ್ಲರಿ, ನಮ್ಮ ಅಕ್ಕಾರ, ನಮ್ಮ ಅಕ್ಕಾರ ಅಂತ" ಎಂದು ಅತ್ತಳು. ನಾನೂ ಅತ್ತೆ. ಅವಳ ಅಳು ಬೇರೆ, ನನ್ನ ಅಳು ಬೇರೆ.

ಹದಿನೈದು ದಿನ ಬಿಟ್ಟು ಆ ಅಂಗಡಿಗೆ ಹೋದೆ. ಇನ್ನು ಯಾರ ಮುಂದಾದರೂ ಹೇಳದಿದ್ದರೆ ಅನ್ನ ಇಳಿಯದು ಎನ್ನುವ ಸ್ಥಿತಿಗೆ ಬಂದಿದ್ದೆ. ಮ್ಯಾನೇಜರ್ ಅವನೇ ಇದ್ದ. ಯಂತ್ರಗಳ ಪಕ್ಕ ಸವಿತಾ ನಿಂತಿದ್ದಳು, ಸಾಲಿನಲ್ಲಿ ಜನ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. ಆ ಶೇಂಗಾ ಹಾಕಿದವಳು ನಾನು, ಗೌರಕ್ಕ ಅಲ್ಲ, ಬೇಕಾದರೆ ಕ್ಯಾಮೆರಾ ತೆಗೆದು ನೋಡಿ, ಆ ರಿಜಿಸ್ಟರಿನಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ.

ಮ್ಯಾನೇಜರ್ ತಬ್ಬಿಬ್ಬಾದ. "ಅದು ಆವಾಗಽ ಮುಗದೈತಲ್ರಿ ಮೇಡಮ್. ಅಷ್ಟು ಹಳೇದು ಕ್ಯಾಮೆರಾದಾಗ ಉಳಿಯೂದೂ ಇಲ್ಲ" ಎಂದ. ಮುಗಿದದ್ದು ಹೇಗೆ ಎಂದು ಕೇಳಿದೆ. ಅವನು ಸವಿತಾಳ ಮುಖ ನೋಡಿದ. ಅವಳು ಮೇಜಿನ ಖಾನೆಯಿಂದ ಆ ರಿಜಿಸ್ಟರ್ ತೆಗೆದು ಹಾಳೆ ಹುಡುಕತೊಡಗಿದಳು.

"ಮರುದಿನ ಮುಂಜಾನೆ ಅಂಗಡಿ ಬಾಗಲಾ ತಗಿಯೂದರಾಗ ಗೌರಕ್ಕ ಬಂದು ನಿಂತಿದ್ರರಿ ಮೇಡಮ್. ನವನಗರದಿಂದ ನಡಕೋತ ಬಂದಿದ್ರು. ನಮ್ಮ ಸರ್ ಕ್ಯಾಮೆರಾ ನೋಡಾಕ ಕುಂತಿದ್ರು. ಬ್ಯಾಡ್ರಿ, ನಾನಽ ಹಾಕ್ಕೊಂಡೀನಿ, ಬರದು ಕೊಡ್ತೀನಿ ಅಂದ್ರು. ನನಗ ನಂಬಿಕಿ ಬರಲಿಲ್ರಿ. ಖರೇ ಹೇಳ್ರಿ ಯಕ್ಕಾ ಅಂದೆ. ಪೆನ್ನು ಕೊಡು ಅಂದ್ರು."

ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. ನಾಲ್ಕನೇ ಇಯತ್ತೆಯ ದಪ್ಪ ಅಕ್ಷರಗಳು, ಗೆರೆ ದಾಟಿ ಕೆಳಗೆ ಇಳಿದಿದ್ದವು.

'ಸೇಂಗಾ ಹೆಚ್ಚಿಗಿ ಹಾಕಿಕೊಂಡಾಕಿ ನಾನು. ಕ್ಯಾಮರಾ ನೋಡುದು ಬ್ಯಾಡ. ಜೋಡಿ ಬಂದ ಅಕ್ಕಾರದು ಏನೂ ತಪ್ಪಿಲ್ಲ. ಗೌರವ್ವ.'

ಮೂರು ಸಲ ಓದಿದೆ. ಸವಿತಾ ರಿಜಿಸ್ಟರಿನ ಅಂಚು ಹಿಡಿದುಕೊಂಡೇ ನಿಂತಿದ್ದಳು.

"ನಿಮ್ಮ ಬಗ್ಗೆ ನಾವು ಏನೂ ಕೇಳಿದ್ದಿಲ್ರಿ ಮೇಡಮ್" ಎಂದಳು. "ಅವರಽ ಬರದ್ರು."